ಉಪ್ಪಿನೊಳಗಣ ಅಯೊಡೀನ್

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ" ಎಂಬ ಗಾದೆಯನ್ನು ಕನ್ನಡಿಗರು ಬಹುಕಾಲದಿಂದ ಆಡುತ್ತ ಬಂದಿದ್ದಾರೆ. ಉಪ್ಪನ್ನೂ ತಾಯಿಯನ್ನೂ ಒಂದೇ ಮಾತಿನಲ್ಲಿ ಜೋಡಿಸಿದ ಹಿರಿಯರಿಗೆ ರಸಾಯನಶಾಸ್ತ್ರದ ಪರಿಚಯವಿರಲಿಲ್ಲ. ಆದರೂ ಇವೆರಡರ ನಡುವೆ ರುಚಿಗಿಂತಲೂ ಆಳವಾದ ಸಂಬಂಧವೊಂದು ಉಂಟೆಂಬುದನ್ನು ಕಳೆದ ಒಂದು ಶತಮಾನದ ವಿಜ್ಞಾನ ತೋರಿಸಿಕೊಟ್ಟಿದೆ. ಆ ಸಂಬಂಧಕ್ಕೆ ಕಾರಣವಾದ ವಸ್ತುವೇ ಅಯೊಡೀನ್ ಎಂಬ ಮೂಲವಸ್ತು.

ಮೊದಲು ಒಂದು ಸಣ್ಣ ಲೆಕ್ಕವನ್ನು ಮಾಡೋಣ. ವಯಸ್ಕನಾದ ಒಬ್ಬ ಮನುಷ್ಯನಿಗೆ ದಿನವೊಂದಕ್ಕೆ ಬೇಕಾದ ಅಯೊಡೀನ್ ೧೫೦ ಮೈಕ್ರೋಗ್ರಾಂ. ಎಂದರೆ ಒಂದು ಗ್ರಾಮಿನ ಹತ್ತು ಲಕ್ಷ ಭಾಗಗಳಲ್ಲಿ ಕೇವಲ ೧೫೦ ಭಾಗ. ಇದನ್ನು ೩೬೫ರಿಂದ ಗುಣಿಸಿದರೆ ವರ್ಷಕ್ಕೆ ಸುಮಾರು ೫೫ ಮಿಲಿಗ್ರಾಂ ಆಗುತ್ತದೆ. ಎಪ್ಪತ್ತು ವರ್ಷಗಳ ಆಯುಸ್ಸಿಗೆ ೩.೮ ಗ್ರಾಂ. ಅಯೊಡೀನಿನ ಸಾಂದ್ರತೆ ಘನ ಸೆಂಟಿಮೀಟರಿಗೆ ೪.೯ ಗ್ರಾಂ ಇರುವುದರಿಂದ, ಜೀವಮಾನಕ್ಕೆಲ್ಲ ಬೇಕಾದ ಅಯೊಡೀನನ್ನು ಒಂದೆಡೆ ಕಲೆಹಾಕಿದರೆ ಅದು ಒಂದು ಘನ ಸೆಂಟಿಮೀಟರಿಗೂ ಕಡಮೆ ಸ್ಥಳವನ್ನು ಆಕ್ರಮಿಸುವುದು. ಒಂದು ಚಹ ಚಮಚವೂ ತುಂಬದು!

ಇಷ್ಟು ಅಲ್ಪವಾದ ವಸ್ತುವಿನ ಕೊರತೆಯಿಂದ ಏನಾದೀತು ಎಂದು ಯಾರಾದರೂ ಕೇಳಬಹುದು. ಆದರೆ ಈ ಅಲ್ಪಪ್ರಮಾಣವೂ ಸಿಕ್ಕದೆ ಹೋದ ನಾಡುಗಳಲ್ಲಿ ಜನರ ಕುತ್ತಿಗೆಗಳು ಊದಿಕೊಂಡವು. ಹುಟ್ಟಿದ ಮಕ್ಕಳಲ್ಲಿ ಕೆಲವರು ಕಿವುಡರೂ ಮೂಕರೂ ಆಗಿ, ಬುದ್ಧಿ ಬೆಳೆಯದೆ ಉಳಿದರು. ಜೀವಮಾನಕ್ಕೆ ಒಂದು ಚಮಚ ಸಾಕೆಂಬುದೇನೋ ನಿಜ. ಆದರೆ ಆ ಚಮಚವನ್ನು ಒಂದೇ ದಿನ ಕುಡಿದು ಮುಗಿಸುವಂತಿಲ್ಲ. ಅದು ದಿನದಿನವೂ ಸ್ವಲ್ಪ ಸ್ವಲ್ಪವಾಗಿಯೇ ದೇಹವನ್ನು ಸೇರಬೇಕು. ಸಮಸ್ಯೆಯೆಲ್ಲ ಇರುವುದು ಇಲ್ಲಿಯೇ.

ನೇರಿಳೆ ಬಣ್ಣದ ಆವಿ

೧೮೧೧ರಲ್ಲಿ ಫ್ರಾನ್ಸ್ ದೇಶವು ಯುದ್ಧದಲ್ಲಿ ತೊಡಗಿತ್ತು. ಕೋವಿಮದ್ದಿಗೆ ಬೇಕಾದ ಪೆಟ್ಲುಪ್ಪನ್ನು ತಯಾರಿಸುತ್ತಿದ್ದ ಬರ್ನಾರ್ಡ್ ಕೂರ್ತ್ವಾ ಎಂಬಾತನು ಕಡಲಕಳೆಯನ್ನು ಸುಟ್ಟ ಬೂದಿಯನ್ನು ಉಪಯೋಗಿಸುತ್ತಿದ್ದನು. ಬೂದಿಯ ದ್ರವಕ್ಕೆ ಗಂಧಕಾಮ್ಲವನ್ನು ಸೇರಿಸಿದಾಗ ಸೊಗಸಾದ ನೇರಿಳೆ ಬಣ್ಣದ ಆವಿಯೆದ್ದು, ತಣ್ಣಗಿನ ಮೇಲ್ಮೈಗಳನ್ನು ಸೋಕಿದೊಡನೆ ಕಪ್ಪಗೆ ಹೊಳೆಯುವ ಹರಳುಗಳಾಗಿ ಕುಳಿತಿತು. ಇದು ಹೊಸದೊಂದು ಮೂಲವಸ್ತುವೆಂದು ಬಳಿಕ ಸ್ಥಿರಪಟ್ಟಿತು. ನೇರಿಳೆ ಬಣ್ಣವನ್ನು ಸೂಚಿಸುವ ಗ್ರೀಕ್ ಪದದಿಂದ ಗೇ-ಲ್ಯುಸಾಕ್ ಎಂಬ ವಿಜ್ಞಾನಿಯು ಅದಕ್ಕೆ ಹೆಸರಿಟ್ಟನು. ಅದರ ಪರಮಾಣು ಸಂಖ್ಯೆ ೫೩. ಪರಮಾಣು ತೂಕ ಸುಮಾರು ೧೨೭.

ಅಯೊಡೀನಿನ ದೊಡ್ಡ ಭಂಡಾರವೆಂದರೆ ಕಡಲು. ಕಡಲಿನಿಂದ ಅದರ ಸ್ವಲ್ಪಾಂಶವು ಗಾಳಿಯನ್ನು ಸೇರಿ, ಮಳೆಯೊಡನೆ ನೆಲಕ್ಕೆ ಇಳಿದು, ಹೊಳೆಗಳ ಮೂಲಕ ಮತ್ತೆ ಕಡಲಿಗೆ ಹೋಗುತ್ತದೆ. ಆದರೆ ನೆಲಕ್ಕೆ ಬರುವುದು ನಿಧಾನ, ತೊಳೆದುಹೋಗುವುದು ಬೇಗ. ಹಿಮನದಿಗಳು ಕೆರೆದ ಬೆಟ್ಟಗಳಲ್ಲಿ, ಭಾರಿ ಮಳೆ ಬೀಳುವ ಇಳಿಜಾರುಗಳಲ್ಲಿ, ಪದೇ ಪದೇ ನೆರೆ ಬರುವ ಬಯಲುಗಳಲ್ಲಿ ಮಣ್ಣಿನ ಅಯೊಡೀನ್ ಬಹುಮಟ್ಟಿಗೆ ಕೊಚ್ಚಿಹೋಗಿದೆ. ಮಣ್ಣಿನಲ್ಲಿಲ್ಲದುದು ಬೆಳೆಯಲ್ಲಿಲ್ಲ; ಬೆಳೆಯಲ್ಲಿಲ್ಲದುದು ಅದನ್ನುಂಡ ಮನುಷ್ಯನಲ್ಲಿಯೂ, ಹಸುವಿನ ಹಾಲಿನಲ್ಲಿಯೂ ಇಲ್ಲ. ಆಲ್ಪ್ಸ್, ಆಂಡೀಸ್, ಹಿಮಾಲಯ ಮುಂತಾದ ಪರ್ವತಪ್ರದೇಶಗಳಲ್ಲಿ ಗಳಗಂಡವು ಮನೆಮನೆಯ ರೋಗವಾಗಿದ್ದುದು ಈ ಕಾರಣದಿಂದಲೇ. ಆದರೆ ಇದು ಬೆಟ್ಟದವರ ರೋಗ ಮಾತ್ರ ಎಂದು ಭಾವಿಸಬಾರದು. ನಮ್ಮ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳಲ್ಲಿಯೂ ಅದು ಕಂಡುಬಂದಿದೆ. ಭಾರತದ ಬಯಲು ಸೀಮೆಯ ಅನೇಕ ಜಿಲ್ಲೆಗಳಲ್ಲಿಯೂ ಇದ್ದುದು ಸಮೀಕ್ಷೆಗಳಿಂದ ಗೊತ್ತಾಗಿದೆ.

ಕುತ್ತಿಗೆಯಲ್ಲಿರುವ ಕಾರ್ಖಾನೆ

ದೇಹದಲ್ಲಿರುವ ಅಯೊಡೀನ್ ಒಟ್ಟು ೧೫ರಿಂದ ೨೦ ಮಿಲಿಗ್ರಾಂ. ಅದರಲ್ಲಿ ಮುಕ್ಕಾಲು ಪಾಲಿನಷ್ಟು ಒಂದೇ ಒಂದು ಅಂಗದಲ್ಲಿ ಶೇಖರವಾಗಿರುತ್ತದೆ. ಅದು ಕುತ್ತಿಗೆಯ ಮುಂಭಾಗದಲ್ಲಿ ಶ್ವಾಸನಾಳವನ್ನು ಅಪ್ಪಿಕೊಂಡಿರುವ, ಚಿಟ್ಟೆಯ ಆಕಾರದ ಥೈರಾಯ್ಡ್ ಗ್ರಂಥಿ. ಈ ಗ್ರಂಥಿಯು ರಕ್ತದಿಂದ ಅಯೊಡೀನನ್ನು ಹೀರಿಕೊಂಡು ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸಿ ಮತ್ತೆ ರಕ್ತಕ್ಕೆ ಬಿಡುವುದು. ಥೈರಾಕ್ಸಿನ್ನಿನ ಪ್ರತಿಯೊಂದು ಅಣುವಿನಲ್ಲಿಯೂ ನಾಲ್ಕು ಅಯೊಡೀನ್ ಪರಮಾಣುಗಳಿವೆ. ಅಯೊಡೀನ್ ಇಲ್ಲದೆ ಈ ಅಣುವನ್ನು ಕಟ್ಟುವಂತಿಲ್ಲ. ಬೇರೆ ಯಾವ ಮೂಲವಸ್ತುವೂ ಅದರ ಸ್ಥಾನವನ್ನು ತುಂಬಲಾರದು.

ಥೈರಾಕ್ಸಿನ್ ಮಾಡುವ ಕೆಲಸವೇನು? ಜೀವಕೋಶಗಳಲ್ಲಿ ಆಹಾರವು ಶಕ್ತಿಯಾಗಿ ಮಾರ್ಪಡುವ ವೇಗವನ್ನು ಅದು ಹತೋಟಿಯಲ್ಲಿಡುತ್ತದೆ. ಮಕ್ಕಳಲ್ಲಿ ಎಲುಬಿನ ಬೆಳವಣಿಗೆಗೆ ಅದು ಅಗತ್ಯ. ಎಲ್ಲಕ್ಕಿಂತ ಮುಖ್ಯವಾಗಿ, ಮೆದುಳಿನ ನರಕೋಶಗಳು ತಮ್ಮ ತಮ್ಮ ಸ್ಥಾನಗಳನ್ನು ಸೇರಿ, ಒಂದರೊಡನೊಂದು ಸಂಪರ್ಕವನ್ನು ಬೆಳೆಸಿಕೊಳ್ಳಬೇಕಾದರೆ ಸರಿಯಾದ ಕಾಲದಲ್ಲಿ ಈ ಹಾರ್ಮೋನು ಅಲ್ಲಿ ಇರಲೇಬೇಕು.

ಭೌತಶಾಸ್ತ್ರದ ವಿದ್ಯಾರ್ಥಿಗಳು ಉಷ್ಣಸ್ಥಾಪಿಯನ್ನು ಬಲ್ಲರಷ್ಟೆ. ನೀರು ತಣ್ಣಗಾದರೆ ವಿದ್ಯುತ್ತು ಹರಿಯುತ್ತದೆ. ಬೇಕಾದಷ್ಟು ಬಿಸಿಯಾದರೆ ತಾನಾಗಿ ನಿಲ್ಲುತ್ತದೆ. ದೇಹದಲ್ಲಿಯೂ ಇಂಥದೇ ಏರ್ಪಾಡು ಇದೆ. ರಕ್ತದಲ್ಲಿ ಥೈರಾಕ್ಸಿನ್ ಕಡಮೆಯಾದೊಡನೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಬೇರೊಂದು ಹಾರ್ಮೋನನ್ನು ಕಳುಹಿಸಿ ಥೈರಾಯ್ಡನ್ನು ಪ್ರಚೋದಿಸುತ್ತದೆ. ಅಯೊಡೀನ್ ಸಾಕಷ್ಟಿದ್ದರೆ ಥೈರಾಯ್ಡು ಹೆಚ್ಚು ಕೆಲಸ ಮಾಡಿ ಕೊರತೆಯನ್ನು ತುಂಬಿಬಿಡುವುದು. ಆದರೆ ಕಚ್ಚಾವಸ್ತುವೇ ಇಲ್ಲದಿದ್ದರೆ? ಪ್ರಚೋದನೆ ನಿಲ್ಲುವುದಿಲ್ಲ, ಗ್ರಂಥಿಯು ತನ್ನ ಕೋಶಗಳನ್ನು ಹೆಚ್ಚಿಸಿಕೊಳ್ಳುತ್ತ ಹಿಗ್ಗುತ್ತದೆ. ಸಿಕ್ಕುವ ಅಲ್ಪಸ್ವಲ್ಪ ಅಯೊಡೀನನ್ನೂ ಬಿಡದೆ ಹಿಡಿಯುವುದಕ್ಕೆ ಬಲೆಯನ್ನು ದೊಡ್ಡದು ಮಾಡಿದಂತೆ. ಈ ಹಿಗ್ಗಿದ ಗ್ರಂಥಿಯೇ ಗಳಗಂಡ.

ಈ ವಿವರಣೆಗೆ ನೇರವಾದ ಸಾಕ್ಷ್ಯವನ್ನು ಒದಗಿಸಿದುದು ಭೌತಶಾಸ್ತ್ರ. ಅಯೊಡೀನ್-೧೩೧ ಎಂಬ ವಿಕಿರಣಶೀಲ ಸಮಸ್ಥಾನಿಯ ಅರ್ಧಾಯುಸ್ಸು ಎಂಟು ದಿನಗಳು. ಅದು ಹೊಮ್ಮಿಸುವ ಗ್ಯಾಮಾ ಕಿರಣಗಳನ್ನು ಕುತ್ತಿಗೆಯ ಹೊರಗಿನಿಂದಲೇ ಎಣಿಸಬಹುದು. ೧೯೫೧ರಲ್ಲಿ ಜಾನ್ ಸ್ಟಾನ್‌ಬರಿ ಮತ್ತು ಸಂಗಡಿಗರು ಅರ್ಜೆಂಟೀನ ದೇಶದ ಮೆಂಡೋಜಾ ಪ್ರಾಂತಕ್ಕೆ ಹೋಗಿ, ಗಳಗಂಡವಿದ್ದ ಜನರಿಗೆ ಈ ಅಯೊಡೀನನ್ನು ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟು ಪರೀಕ್ಷಿಸಿದರು. ಯಾರ ಮೂತ್ರದಲ್ಲಿ ಅಯೊಡೀನ್ ಕಡಮೆಯೋ ಅವರ ಗ್ರಂಥಿಯು ಅದನ್ನು ಹೆಚ್ಚು ಆತುರದಿಂದ ಹೀರಿಕೊಳ್ಳುವುದು ಕಂಡುಬಂದಿತು. ಊದಿದ ಗ್ರಂಥಿಯು ಹಸಿದ ಗ್ರಂಥಿಯೆಂಬುದು ಹೀಗೆ ಅಳತೆಯಿಂದಲೇ ತೀರ್ಮಾನವಾಯಿತು.

ತಿಳಿವು ಬೆಳೆದ ಬಗೆ

ಅಯೊಡೀನಿನಿಂದ ಗಳಗಂಡವನ್ನು ಗುಣಪಡಿಸಬಹುದೆಂದು ಮೊದಲು ಸಾರಿದವನು ಜಿನೀವಾ ನಗರದ ವೈದ್ಯನಾದ ಕ್ವಾಂಡೆ, ಕಾಲ ೧೮೨೦. ಆದರೆ ಆತನು ಕೊಟ್ಟ ಪ್ರಮಾಣವು ಬಹಳ ಹೆಚ್ಚಾಗಿದ್ದುದರಿಂದ ಕೆಲವರಿಗೆ ಅಪಾಯವಾಗಿ, ಚಿಕಿತ್ಸೆಗೆ ಕೆಟ್ಟ ಹೆಸರು ಬಂದಿತು. ೧೮೩೦ರ ದಶಕದಲ್ಲಿ ಬುಸೆಂಗೋ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನು ದಕ್ಷಿಣ ಅಮೆರಿಕದ ಆಂಡೀಸ್ ಸೀಮೆಯಲ್ಲಿ, ಸ್ವಾಭಾವಿಕವಾಗಿ ಅಯೊಡೀನ್ ಇರುವ ಉಪ್ಪನ್ನು ತಿನ್ನುವವರಿಗೆ ಗಳಗಂಡ ಬಾರದುದನ್ನು ಗಮನಿಸಿ, ಅಂತಹ ಉಪ್ಪನ್ನೇ ಎಲ್ಲರಿಗೂ ಹಂಚಬೇಕೆಂದು ಸೂಚಿಸಿದನು. ಆ ಸೂಚನೆ ಎಷ್ಟೋ ಕಾಲ ಕಾಗದದಲ್ಲೇ ಉಳಿಯಿತು. ೧೮೯೫ರಲ್ಲಿ ಬೌಮನ್ ಎಂಬ ಜರ್ಮನ್ ವಿಜ್ಞಾನಿಯು ಥೈರಾಯ್ಡ್ ಗ್ರಂಥಿಯಲ್ಲಿಯೇ ಅಯೊಡೀನನ್ನು ಕಂಡನು. ೧೯೧೪ರಲ್ಲಿ ಅಮೆರಿಕದ ಕೆಂಡಲ್ ಥೈರಾಕ್ಸಿನ್ನನ್ನು ಹರಳುರೂಪದಲ್ಲಿ ಬೇರ್ಪಡಿಸಿದನು.

ಆಮೇಲೆ ನಡೆದುದು ನಮ್ಮ ಓದುಗರ ವಯಸ್ಸಿನವರೇ ಭಾಗವಹಿಸಿದ ಒಂದು ದೊಡ್ಡ ಪ್ರಯೋಗ. ಅಮೆರಿಕದ ಒಹಾಯೊ ಸಂಸ್ಥಾನದ ಆಕ್ರನ್ ನಗರದಲ್ಲಿ ಡೇವಿಡ್ ಮರೀನ್ ಮತ್ತು ಕಿಂಬಲ್ ಎಂಬವರು ೧೯೧೭ರಿಂದ ಮೊದಲುಗೊಂಡು ಶಾಲಾ ಬಾಲಕಿಯರಿಗೆ ವರ್ಷಕ್ಕೆ ಎರಡು ಸಲ ಸೋಡಿಯಂ ಅಯೊಡೈಡನ್ನು ಕೊಟ್ಟರು. ಔಷಧಿಯನ್ನು ತೆಗೆದುಕೊಂಡ ೨,೧೯೦ ಬಾಲಕಿಯರಲ್ಲಿ ಗ್ರಂಥಿ ಊದಿದುದು ಐವರಿಗೆ ಮಾತ್ರ. ತೆಗೆದುಕೊಳ್ಳದ ೨,೩೦೫ ಮಂದಿಯಲ್ಲಿ ೪೯೫ ಮಂದಿಗೆ ಊದಿಕೊಂಡಿತು. ಅಂಕಿಗಳು ಇಷ್ಟು ಸ್ಪಷ್ಟವಾಗಿರುವಾಗ ವಾದಕ್ಕೆ ಎಡೆಯೆಲ್ಲಿ? ೧೯೨೨ರಲ್ಲಿ ಸ್ವಿಟ್ಜರ್ಲೆಂಡಿನ ಅಪೆನ್‌ಜೆಲ್ ಪ್ರಾಂತದಲ್ಲಿಯೂ, ೧೯೨೪ರಲ್ಲಿ ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿಯೂ ಅಯೊಡೀನ್ ಬೆರಸಿದ ಉಪ್ಪು ಅಂಗಡಿಗಳಿಗೆ ಬಂದಿತು.

ಕಾಂಗ್ರಾ ಕಣಿವೆಯ ಪ್ರಯೋಗ

ನಮ್ಮ ದೇಶದ ಪಾಲಿಗೆ ಅತ್ಯಂತ ಮುಖ್ಯವಾದ ಪ್ರಯೋಗ ನಡೆದುದು ಇಂದಿನ ಹಿಮಾಚಲ ಪ್ರದೇಶಕ್ಕೆ ಸೇರಿರುವ ಕಾಂಗ್ರಾ ಕಣಿವೆಯಲ್ಲಿ. ೧೯೫೬ರಲ್ಲಿ ಡಾಕ್ಟರ್ ವಿ. ರಾಮಲಿಂಗಸ್ವಾಮಿಯವರೂ ಅವರ ಸಹೋದ್ಯೋಗಿಗಳೂ ಸುಮಾರು ಒಂದು ಲಕ್ಷ ಜನರಿದ್ದ ಪ್ರದೇಶವೊಂದನ್ನು ಆರಿಸಿಕೊಂಡು ಮೂರು ವಲಯಗಳಾಗಿ ವಿಂಗಡಿಸಿದರು. ಮೊದಲನೆಯ ವಲಯಕ್ಕೆ ಪೊಟ್ಯಾಸಿಯಂ ಅಯೊಡೈಡ್ ಸೇರಿಸಿದ ಉಪ್ಪು. ಎರಡನೆಯದಕ್ಕೆ ಏನನ್ನೂ ಸೇರಿಸದ ಉಪ್ಪು. ಮೂರನೆಯದಕ್ಕೆ ಪೊಟ್ಯಾಸಿಯಂ ಅಯೊಡೇಟ್ ಸೇರಿಸಿದ ಉಪ್ಪು. ಪ್ರಾರಂಭದಲ್ಲಿ ನೂರಕ್ಕೆ ಸುಮಾರು ೩೮ರಷ್ಟು ಮಂದಿಗೆ ಗಳಗಂಡವಿತ್ತು. ಆರು ವರ್ಷಗಳ ಬಳಿಕ ನೋಡಿದಾಗ ಅಯೊಡೀನ್ ದೊರೆತ ಎರಡು ವಲಯಗಳಲ್ಲಿಯೂ ಅದು ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಿತ್ತು. ಬರಿಯ ಉಪ್ಪು ತಿಂದ ನಡುವಣ ವಲಯದಲ್ಲಿ ಇಳಿತವೇ ಇರಲಿಲ್ಲ. ಆ ವಲಯಕ್ಕೂ ಅಯೊಡೀನ್ ಉಪ್ಪನ್ನು ಕೊಡತೊಡಗಿದ ಮೇಲೆ ಅಲ್ಲಿಯೂ ರೋಗ ತಗ್ಗಿತು.

ಈ ಪ್ರಯೋಗದಿಂದ ಎರಡು ವಿಷಯಗಳು ಸ್ಥಿರಪಟ್ಟವು. ಒಂದು, ಹಿಮಾಲಯದ ಗಳಗಂಡಕ್ಕೆ ಮುಖ್ಯ ಕಾರಣ ಅಯೊಡೀನಿನ ಕೊರತೆಯೇ. ಎರಡು, ಅಯೊಡೈಡಿನಷ್ಟೇ ಅಯೊಡೇಟೂ ಪರಿಣಾಮಕಾರಿ. ಈ ಎರಡನೆಯ ವಿಷಯದ ಮಹತ್ತ್ವ ಮುಂದೆ ತಿಳಿಯುವುದು. ಕಾಂಗ್ರಾದ ಅನುಭವವನ್ನು ಆಧಾರವಾಗಿಟ್ಟುಕೊಂಡು ಭಾರತ ಸರ್ಕಾರವು ೧೯೬೨ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು.

ತಾಯಿಗೇಕೆ ಹೆಚ್ಚು?

ಗಳಗಂಡವು ಕಣ್ಣಿಗೆ ಕಾಣುವ ಚಿಹ್ನೆ. ಕಣ್ಣಿಗೆ ಕಾಣದ ಹಾನಿಯೊಂದು ಇದಕ್ಕಿಂತಲೂ ದೊಡ್ಡದು. ಅದು ಆಗುವುದು ಗರ್ಭದಲ್ಲಿ.

ಸ್ತ್ರೀಯು ಗರ್ಭಿಣಿಯಾದಾಗ ಅವಳ ಅಯೊಡೀನಿನ ಅವಶ್ಯಕತೆ ದಿನಕ್ಕೆ ೧೫೦ರಿಂದ ೨೫೦ ಮೈಕ್ರೋಗ್ರಾಮಿಗೆ ಏರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಗೊತ್ತುಪಡಿಸಿದೆ. ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದಾಗಿ, ತಾಯಿಯ ಗ್ರಂಥಿಯು ಎಂದಿಗಿಂತ ಒಂದೂವರೆ ಪಟ್ಟಿನಷ್ಟು ಥೈರಾಕ್ಸಿನ್ನನ್ನು ತಯಾರಿಸಬೇಕಾಗುತ್ತದೆ. ಎರಡನೆಯದಾಗಿ, ಆ ಕಾಲದಲ್ಲಿ ಮೂತ್ರಪಿಂಡಗಳ ಮೂಲಕ ಹೆಚ್ಚು ಅಯೊಡೀನ್ ಹೊರಕ್ಕೆ ಹೋಗುತ್ತದೆ. ಮೂರನೆಯದಾಗಿ, ಮಗುವಿನ ಪಾಲನ್ನೂ ತಾಯಿಯೇ ಕೊಡಬೇಕು. ಹೆರಿಗೆಯಾದ ಮೇಲೂ ಈ ಅವಶ್ಯಕತೆ ಇಳಿಯದು. ಎದೆಹಾಲಿನಿಂದಲೇ ಶಿಶುವಿಗೆ ಅಯೊಡೀನ್ ದೊರೆಯಬೇಕು.

ಇಲ್ಲಿ ಕಾಲದ ಪ್ರಶ್ನೆಯನ್ನು ಚೆನ್ನಾಗಿ ಗಮನಿಸಬೇಕು. ಭ್ರೂಣದ ಥೈರಾಯ್ಡು ಅಯೊಡೀನನ್ನು ಹಿಡಿಯಲು ತೊಡಗುವುದು ಸುಮಾರು ಹನ್ನೆರಡನೆಯ ವಾರದ ವೇಳೆಗೆ. ಅದು ತಕ್ಕಷ್ಟು ಹಾರ್ಮೋನನ್ನು ತಯಾರಿಸಬೇಕಾದರೆ ಐದನೆಯ ತಿಂಗಳು ಬರಬೇಕು. ಆದರೆ ಮೆದುಳಿನ ನಿರ್ಮಾಣ ಅಲ್ಲಿಯವರೆಗೆ ಕಾಯುವುದಿಲ್ಲ. ಆ ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳಿಗೆ ದೊರೆಯುವುದು ತಾಯಿಯ ಥೈರಾಕ್ಸಿನ್ ಮಾತ್ರ. ಆ ಹೊತ್ತಿನಲ್ಲಿ ತೀವ್ರವಾದ ಕೊರತೆಯುಂಟಾದರೆ ಮಗುವು ಕಿವುಡುತನ, ಮೂಕತನ, ಕೈಕಾಲುಗಳ ಬಿಗಿತ, ಬುದ್ಧಿಮಾಂದ್ಯ ಇವುಗಳೊಡನೆ ಹುಟ್ಟಬಹುದು. ಈ ಸ್ಥಿತಿಗೆ ಕ್ರೆಟಿನಿಸಂ ಎಂದು ಹೆಸರು. ಹುಟ್ಟಿದ ಮೇಲೆ ಎಷ್ಟೇ ಅಯೊಡೀನ್ ಕೊಟ್ಟರೂ ಈ ಹಾನಿಯು ಸರಿಹೋಗದು. ಗಾರೆ ಗಟ್ಟಿಯಾದ ಮೇಲೆ ನೀರೆರೆದರೆ ಏನು ಪ್ರಯೋಜನ?

ಈ ಸಂಗತಿಯನ್ನು ನಿಸ್ಸಂದೇಹವಾಗಿ ತೋರಿಸಿದುದು ನ್ಯೂ ಗಿನಿ ದ್ವೀಪದ ಜಿಮಿ ಕಣಿವೆಯಲ್ಲಿ ೧೯೬೬ರಲ್ಲಿ ಆರಂಭವಾದ ಪರೀಕ್ಷೆ. ಫರೋ, ಬಟ್‌ಫೀಲ್ಡ್, ಹೆಟ್ಜೆಲ್ ಎಂಬ ಮೂವರು ಅಲ್ಲಿನ ಕುಟುಂಬಗಳಲ್ಲಿ ಒಂದನ್ನು ಬಿಟ್ಟು ಒಂದಕ್ಕೆ ಅಯೊಡೀನ್ ಸೇರಿದ ಎಣ್ಣೆಯ ಚುಚ್ಚುಮದ್ದನ್ನೂ, ಉಳಿದುವಕ್ಕೆ ಬರಿಯ ಉಪ್ಪುನೀರಿನ ಚುಚ್ಚುಮದ್ದನ್ನೂ ಕೊಟ್ಟರು. ಉಪ್ಪುನೀರು ಪಡೆದ ತಾಯಂದಿರಿಗೆ ಹುಟ್ಟಿದ ೫೩೪ ಮಕ್ಕಳಲ್ಲಿ ೨೬ ಮಕ್ಕಳಿಗೆ ಕ್ರೆಟಿನಿಸಂ ಇತ್ತು. ಅಯೊಡೀನ್ ಪಡೆದ ತಾಯಂದಿರಿಗೆ ಹುಟ್ಟಿದ ೪೯೮ ಮಕ್ಕಳಲ್ಲಿ ಏಳು ಮಕ್ಕಳಿಗೆ ಮಾತ್ರ. ಆ ಏಳರಲ್ಲಿ ಆರು ಮಕ್ಕಳ ತಾಯಂದಿರು ಚುಚ್ಚುಮದ್ದು ಪಡೆಯುವ ವೇಳೆಗೆ ಆಗಲೇ ಗರ್ಭಿಣಿಯರಾಗಿದ್ದರು!

ಈ ಕೊನೆಯ ಅಂಕಿಯನ್ನು ವಿದ್ಯಾರ್ಥಿಗಳು ಮರೆಯಬಾರದು. ಅಯೊಡೀನ್ ತಡವಾಗಿ ಬಂದರೆ ಸಾಲದು. ಗರ್ಭಕ್ಕೆ ಮೊದಲೇ ತಾಯಿಯ ದೇಹದಲ್ಲಿ ಶೇಖರವಾಗಿರಬೇಕು ಎಂಬುದೇ ಅದರ ಅರ್ಥ. ಅನೇಕ ಸ್ತ್ರೀಯರಿಗೆ ತಾವು ಗರ್ಭಿಣಿಯರೆಂಬುದು ಗೊತ್ತಾಗುವಷ್ಟರಲ್ಲಿ ಎಷ್ಟೋ ವಾರಗಳು ಕಳೆದಿರುತ್ತವೆ. ಆದುದರಿಂದ ಆರೋಗ್ಯಶಾಸ್ತ್ರಜ್ಞರು ಗರ್ಭಿಣಿಯರನ್ನು ಮಾತ್ರವಲ್ಲದೆ, ಹದಿಹರೆಯದಿಂದ ಹಿಡಿದು ಹೆರುವ ವಯಸ್ಸಿನಲ್ಲಿರುವ ಸ್ತ್ರೀಯರೆಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಇಂದು ಪ್ರೌಢಶಾಲೆಯಲ್ಲಿ ಓದುತ್ತಿರುವ ಬಾಲಕಿಯ ಊಟದ ಉಪ್ಪು, ಮುಂದೆ ಹುಟ್ಟಲಿರುವ ಮಗುವಿನ ಬುದ್ಧಿಯ ಬಂಡವಾಳವೆಂದರೆ ಉತ್ಪ್ರೇಕ್ಷೆಯಾಗದು.

ಉಪ್ಪೇ ಏಕೆ?

ಅಯೊಡೀನನ್ನು ಹಾಲಿನಲ್ಲೋ ಸಕ್ಕರೆಯಲ್ಲೋ ಬೆರಸಬಾರದೇಕೆ? ಹಾಲು ಎಲ್ಲರಿಗೂ ಸಿಕ್ಕದು. ಸಕ್ಕರೆಯನ್ನು ಒಬ್ಬರು ಹೆಚ್ಚು ತಿಂದರೆ ಮತ್ತೊಬ್ಬರು ತಿನ್ನದೆ ಇರಬಹುದು. ಉಪ್ಪಾದರೋ ಬಡವ ಬಲ್ಲಿದರೆನ್ನದೆ ಎಲ್ಲರ ಅಡುಗೆಗೂ ಬೀಳುವ ವಸ್ತು. ದಿನದಿನವೂ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ಬೀಳುವ ವಸ್ತು. ಉಪ್ಪು ಸರ್ವರಿಗೂ ಅನಿವಾರ್ಯವಾದುದರಿಂದಲೇ ಅದರ ಮೇಲಣ ತೆರಿಗೆಯನ್ನು ವಿರೋಧಿಸಿ ೧೯೩೦ರಲ್ಲಿ ದಂಡಿಯಲ್ಲಿಯೂ, ನಮ್ಮ ಅಂಕೋಲೆಯಲ್ಲಿಯೂ ಸತ್ಯಾಗ್ರಹ ನಡೆಯಿತು. ತೆರಿಗೆಗೆ ಯಾವ ಗುಣದಿಂದ ಅದು ಗುರಿಯಾಯಿತೋ ಅದೇ ಗುಣದಿಂದ ಅಯೊಡೀನಿಗೂ ಅದು ತಕ್ಕ ವಾಹನವಾಗಿದೆ.

ಇಲ್ಲಿ ಒಂದು ಸಂದೇಹವನ್ನು ಬಗೆಹರಿಸಬೇಕು. ಉಪ್ಪು ಕಡಲಿನಿಂದ ಬರುವುದಷ್ಟೆ. ಅಯೊಡೀನಿನ ಭಂಡಾರವೂ ಕಡಲೇ. ಹಾಗಾದರೆ ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳಲ್ಲಿ ಬೆಳೆದ ಉಪ್ಪಿನಲ್ಲಿ ಅಯೊಡೀನ್ ತಾನಾಗಿಯೇ ಇರುವುದಿಲ್ಲವೆ? ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳೂ, ಹೆಚ್ಚೆಂದರೆ ೬೦ ಮೈಕ್ರೋಗ್ರಾಂ ಅಯೊಡೀನೂ ಇವೆ. ಅಷ್ಟೂ ಅಯೊಡೀನ್ ಉಪ್ಪಿನಲ್ಲಿಯೇ ಉಳಿಯಿತೆಂದು ಭಾವಿಸಿದರೂ ಒಂದು ಗ್ರಾಂ ಉಪ್ಪಿಗೆ ಎರಡು ಮೈಕ್ರೋಗ್ರಾಮೂ ಆಗದು. ಹತ್ತು ಗ್ರಾಂ ಉಪ್ಪಿನಿಂದ ದೊರೆಯುವುದು ೧೭ ಮೈಕ್ರೋಗ್ರಾಂ. ಎಂದರೆ ನಮಗೆ ಬೇಕಾದುದರ ಒಂಬತ್ತನೆಯ ಒಂದು ಪಾಲು ಮಾತ್ರ. ವಾಸ್ತವವಾಗಿ ಅಷ್ಟೂ ಸಿಕ್ಕುವುದಿಲ್ಲ. ಉಪ್ಪು ಹರಳುಗಟ್ಟುವಾಗ ಅಯೊಡೀನಿನ ಬಹುಭಾಗವು ಹಿಂದೆ ಉಳಿಯುವ ಕಹಿನೀರಿನಲ್ಲಿಯೇ ನಿಂತುಬಿಡುತ್ತದೆ. ಗಣಿಯಿಂದ ತೆಗೆಯುವ ಸೈಂಧವ ಲವಣದ ಸ್ಥಿತಿಯೂ ಇದೇ. ಆದುದರಿಂದ "ಸ್ವಾಭಾವಿಕವಾದ ಉಪ್ಪಿನಲ್ಲಿ ಎಲ್ಲವೂ ಇದೆ" ಎಂಬ ಮಾತನ್ನು ಅಳತೆಯು ಸಮರ್ಥಿಸುವುದಿಲ್ಲ.

ಹಾಗಾದರೆ ಬೆರಸಬೇಕು; ಬೆರಸುವುದು ಯಾವುದನ್ನು? ಮೊದಲು ಪಾಶ್ಚಾತ್ಯ ದೇಶಗಳಲ್ಲಿ ಪೊಟ್ಯಾಸಿಯಂ ಅಯೊಡೈಡನ್ನು ಬೆರಸುತ್ತಿದ್ದರು. ಅಲ್ಲಿನ ಉಪ್ಪು ಶುದ್ಧ, ಹವೆ ತಂಪು. ನಮ್ಮಲ್ಲಿ ಹವೆ ಬಿಸಿ, ಉಪ್ಪು ತೇವವನ್ನು ಹೀರುತ್ತದೆ, ಕಲ್ಮಷಗಳೂ ಇರುತ್ತವೆ. ಇಂತಹ ಉಪ್ಪಿನಲ್ಲಿ ಅಯೊಡೈಡು ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಅಯೊಡೀನಾಗಿ ಮಾರ್ಪಟ್ಟು ಆವಿಯಾಗಿ ಹಾರಿಹೋಗುವುದು. ಅಯೊಡೇಟಿನಲ್ಲಿ ಆಮ್ಲಜನಕವು ಮೊದಲೇ ಕೂಡಿಕೊಂಡಿರುವುದರಿಂದ ಅದು ಸುಲಭವಾಗಿ ಕೆಡದು. ಆದುದರಿಂದಲೇ ಭಾರತದಲ್ಲಿ ಪೊಟ್ಯಾಸಿಯಂ ಅಯೊಡೇಟನ್ನು ಬಳಸಲಾಗುತ್ತಿದೆ. ಒಂದು ಕಿಲೋಗ್ರಾಂ ಉಪ್ಪಿನಲ್ಲಿ ೧೫ ಮಿಲಿಗ್ರಾಂ ಅಯೊಡೀನ್ ಇರಬೇಕಾದರೆ ಅದಕ್ಕೆ ಬೇಕಾಗುವ ಅಯೊಡೇಟು ಸುಮಾರು ೨೫ ಮಿಲಿಗ್ರಾಂ. ಇಷ್ಟು ಸಣ್ಣ ಅಳತೆಯನ್ನು ಸಮನಾಗಿ ಹಂಚುವುದಕ್ಕಾಗಿ ಅಯೊಡೇಟನ್ನು ನೀರಿನಲ್ಲಿ ಕರಗಿಸಿ, ಸಾಗುತ್ತಿರುವ ಉಪ್ಪಿನ ಮೇಲೆ ತುಂತುರಾಗಿ ಸಿಂಪಡಿಸುತ್ತಾರೆ.

ಪ್ರಯೋಗಶಾಲೆಯಲ್ಲಿ ಪರೀಕ್ಷೆ

ಪಿಷ್ಟವು ಅಯೊಡೀನಿನೊಡನೆ ಕಡುನೀಲಿಯಾಗುವುದನ್ನು ಶಾಲೆಯಲ್ಲಿ ಎಲ್ಲರೂ ನೋಡಿರುವರು. ಇದನ್ನು ನೆನೆದು ಕೆಲವು ವಿದ್ಯಾರ್ಥಿಗಳು ಆಲೂಗೆಡ್ಡೆಯ ಹೋಳಿಗೆ ಉಪ್ಪನ್ನು ಉಜ್ಜಿ, ನೀಲಿ ಬಾರದುದನ್ನು ಕಂಡು, ಉಪ್ಪಿನಲ್ಲಿ ಅಯೊಡೀನ್ ಇಲ್ಲವೆಂದು ತೀರ್ಮಾನಿಸುವುದುಂಟು. ಈ ತೀರ್ಮಾನ ಸರಿಯಲ್ಲ. ಪಿಷ್ಟವನ್ನು ನೀಲಿಯಾಗಿಸುವುದು ಬಿಡಿ ಅಯೊಡೀನ್, ಉಪ್ಪಿನಲ್ಲಿರುವುದಾದರೋ ಅಯೊಡೇಟು.

ಸರಿಯಾದ ಪರೀಕ್ಷೆಯನ್ನು ಉಪಾಧ್ಯಾಯರ ಸಮಕ್ಷಮದಲ್ಲಿ ಹೀಗೆ ಮಾಡಬಹುದು. ಹತ್ತು ಗ್ರಾಂ ಉಪ್ಪನ್ನು ೫೦ ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಸ್ವಲ್ಪ ದುರ್ಬಲ ಗಂಧಕಾಮ್ಲವನ್ನೂ ಪೊಟ್ಯಾಸಿಯಂ ಅಯೊಡೈಡಿನ ದ್ರಾವಣವನ್ನೂ ಸೇರಿಸಿ, ಹತ್ತು ನಿಮಿಷ ಕತ್ತಲೆಯಲ್ಲಿಡಬೇಕು. ಒಂದು ಅಯೊಡೇಟ್ ಅಯಾನು ಐದು ಅಯೊಡೈಡ್ ಅಯಾನುಗಳೊಡನೆ ವರ್ತಿಸಿ ಮೂರು ಅಯೊಡೀನ್ ಅಣುಗಳನ್ನು ಕೊಡುವುದರಿಂದ ದ್ರಾವಣವು ಹಳದಿಯಾಗುವುದು. ಇದಕ್ಕೆ ೦.೦೦೫ ಮೋಲಾರ್ ಸೋಡಿಯಂ ಥಯೋಸಲ್ಫೇಟನ್ನು ಬ್ಯೂರೆಟ್ಟಿನಿಂದ ಹನಿಹನಿಯಾಗಿ ಬಿಡಬೇಕು. ಬಣ್ಣ ಮಾಸುತ್ತ ಬಂದಾಗ ಪಿಷ್ಟವನ್ನು ಸೇರಿಸಿ, ನೀಲಿಯು ಮಾಯವಾಗುವವರೆಗೆ ಮುಂದುವರಿಸಬೇಕು. ಥಯೋಸಲ್ಫೇಟಿನ ಪ್ರತಿಯೊಂದು ಮಿಲಿಲೀಟರಿಗೂ ಉಪ್ಪಿನ ಹತ್ತು ಲಕ್ಷ ಭಾಗಗಳಲ್ಲಿ ೧೦.೬ ಭಾಗ ಅಯೊಡೀನ್ ಎಂದು ಲೆಕ್ಕ. ಸುಮಾರು ೧.೪ ಮಿಲಿಲೀಟರ್ ಖರ್ಚಾದರೆ ಉಪ್ಪಿನಲ್ಲಿ ೧೫ ಭಾಗ ಇದೆಯೆಂದು ಅರ್ಥ. ಈ ೧೫ರ ಅಂಕಿಯು ನಮ್ಮ ದೇಶದಲ್ಲಿ ಅಂಗಡಿಯಲ್ಲಿ ಮಾರುವ ಉಪ್ಪಿನಲ್ಲಿ ಇರಲೇಬೇಕಾದ ಕನಿಷ್ಠ ಪ್ರಮಾಣ.

ಇಂದಿನ ಸ್ಥಿತಿ

೧೯೬೨ರ ಕಾರ್ಯಕ್ರಮವು ಮೊದಲು ರೋಗವಿದ್ದ ಪ್ರದೇಶಗಳಿಗೆ ಸೀಮಿತವಾಗಿತ್ತು. ದೇಶದ ಎಲ್ಲ ಜನರಿಗೂ ಅಯೊಡೀನ್ ಉಪ್ಪನ್ನು ಒದಗಿಸುವ ಕಾರ್ಯ ೧೯೮೬ರಲ್ಲಿ ಮೊದಲಾಯಿತು. ಅಯೊಡೀನ್ ಇಲ್ಲದ ಉಪ್ಪನ್ನು ಮನುಷ್ಯರ ಊಟಕ್ಕೆ ಮಾರಬಾರದೆಂಬ ನಿಷೇಧವು ೧೯೯೮ರಲ್ಲಿ ದೇಶಾದ್ಯಂತ ಜಾರಿಗೆ ಬಂದಿತು. ೨೦೦೦ದಲ್ಲಿ ಅದನ್ನು ಹಿಂತೆಗೆದುಕೊಂಡು, ೨೦೦೬ರ ಮೇ ತಿಂಗಳಿನಲ್ಲಿ ಮತ್ತೆ ವಿಧಿಸಲಾಯಿತು.

ಫಲವೇನಾಗಿದೆ? ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರಕ್ಕೆ ಸುಮಾರು ೯೪ ಮನೆಗಳ ಉಪ್ಪಿನಲ್ಲಿ ಅಯೊಡೀನ್ ಇದ್ದಿತು. ಆದರೆ "ಇದೆ" ಎಂಬುದಕ್ಕೂ "ಸಾಕಷ್ಟಿದೆ" ಎಂಬುದಕ್ಕೂ ವ್ಯತ್ಯಾಸವುಂಟು. ೨೦೧೮-೧೯ರಲ್ಲಿ ಉಪ್ಪನ್ನು ಅಳೆದು ನೋಡಿದ ಸಮೀಕ್ಷೆಯಲ್ಲಿ ೧೫ ಭಾಗ ಅಥವಾ ಅದಕ್ಕಿಂತ ಹೆಚ್ಚು ಇದ್ದುದು ನೂರಕ್ಕೆ ೭೬ ಮನೆಗಳಲ್ಲಿ. ಅಂದರೆ ನಾಲ್ಕು ಮನೆಗಳಲ್ಲಿ ಒಂದು ಮನೆಗೆ ಸರಿಯಾದ ಉಪ್ಪು ಇನ್ನೂ ಮುಟ್ಟಿರಲಿಲ್ಲ.

ಉಂಡ ಅಯೊಡೀನಿನ ಬಹುಭಾಗವು ಮೂತ್ರದಲ್ಲಿ ಹೊರಬರುವುದರಿಂದ ಜನಸಮುದಾಯದ ಸ್ಥಿತಿಯನ್ನು ತಿಳಿಯಲು ಅದನ್ನೇ ಅಳೆಯುತ್ತಾರೆ. ಲೀಟರಿಗೆ ಮೈಕ್ರೋಗ್ರಾಂಗಳಲ್ಲಿ ನಡುವಣ ಬೆಲೆಯು ಸಾಮಾನ್ಯ ಸ್ತ್ರೀಯರಲ್ಲಿ ೧೦೦ರಿಂದ ೧೯೯ರ ಒಳಗೂ, ಗರ್ಭಿಣಿಯರಲ್ಲಿ ೧೫೦ರಿಂದ ೨೪೯ರ ಒಳಗೂ ಇದ್ದರೆ ಸಾಕಷ್ಟಿದೆಯೆಂದು ಎಣಿಕೆ. ಅದೇ ಸಮೀಕ್ಷೆಯಲ್ಲಿ ಹೆರುವ ವಯಸ್ಸಿನ ಇತರ ಸ್ತ್ರೀಯರಲ್ಲಿ ಅದು ೧೭೮, ಗರ್ಭಿಣಿಯರಲ್ಲಿ ೧೭೩ ಇದ್ದಿತು. ಇದು ಸಮಾಧಾನದ ಸಂಗತಿ. ಆದರೂ ನಡುವಣ ಬೆಲೆಯೆಂದರೆ ಅರ್ಧದಷ್ಟು ಮಂದಿ ಅದಕ್ಕಿಂತ ಕೆಳಗಿರುವರೆಂಬುದನ್ನು ಸಂಖ್ಯಾಶಾಸ್ತ್ರ ಬಲ್ಲವರು ಮರೆಯುವುದಿಲ್ಲ.

ಸೌಮ್ಯವಾದ ಕೊರತೆಯಿರುವ ಗರ್ಭಿಣಿಯರಿಗೆ ಉಪ್ಪಿನ ಜೊತೆಗೆ ಮಾತ್ರೆಗಳನ್ನೂ ಕೊಡಬೇಕೆ? ಈ ಪ್ರಶ್ನೆಯನ್ನು ನಮ್ಮ ಬೆಂಗಳೂರಿನಲ್ಲಿಯೂ ಬ್ಯಾಂಕಾಕಿನಲ್ಲಿಯೂ ೮೩೨ ಗರ್ಭಿಣಿಯರ ಸಹಾಯದಿಂದ ಪರೀಕ್ಷಿಸಲಾಯಿತು. ಅರ್ಧದಷ್ಟು ಮಂದಿಗೆ ದಿನಕ್ಕೆ ೨೦೦ ಮೈಕ್ರೋಗ್ರಾಂ ಅಯೊಡೀನ್, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ. ೨೦೧೭ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಐದಾರು ವರ್ಷಗಳಾದ ಮೇಲೆ ಎರಡು ಗುಂಪುಗಳ ಮಕ್ಕಳ ಬುದ್ಧಿಬೆಳವಣಿಗೆಯಲ್ಲಿ ವ್ಯತ್ಯಾಸ ಕ೦ಡುಬರಲಿಲ್ಲ. ಇದರಿಂದ ಅಯೊಡೀನ್ ಬೇಡವೆಂದು ತಿಳಿಯಬಾರದು. ತೀವ್ರ ಕೊರತೆಯ ಜಿಮಿ ಕಣಿವೆಗೂ, ಅಯೊಡೀನ್ ಉಪ್ಪು ದೊರೆಯುವ ಬೆಂಗಳೂರಿಗೂ ಸ್ಥಿತಿ ಬೇರೆ. ದೇಹವು ಅಲ್ಪ ಕೊರತೆಗೆ ಹೊಂದಿಕೊಳ್ಳಬಲ್ಲುದು. ದೊಡ್ಡ ಕೊರತೆಗೆ ಹೊಂದಿಕೊಳ್ಳಲಾರದು. ಆ ದೊಡ್ಡ ಕೊರತೆಯನ್ನು ತಡೆದು ನಿಲ್ಲಿಸಿರುವುದೇ ದಿನದ ಉಪ್ಪು.

ಮನೆಯಲ್ಲಿ ಗಮನಿಸಬೇಕಾದುದು

ಅಂಗಡಿಯಲ್ಲಿ ಉಪ್ಪನ್ನು ಕೊಳ್ಳುವಾಗ ಅಯೊಡೀನ್ ಸೇರಿಸಿದೆಯೆಂಬ ಬರೆಹವನ್ನು ನೋಡಿ, ಒಡೆಯದ ಪೊಟ್ಟಣವನ್ನು ಕೊಳ್ಳಬೇಕು. ಮನೆಯಲ್ಲಿ ಮುಚ್ಚಳವಿರುವ ಭರಣಿಯಲ್ಲಿ, ಒಲೆಯ ಶಾಖಕ್ಕೂ ಬಿಸಿಲಿಗೂ ತೇವಕ್ಕೂ ದೂರವಾಗಿ ಇಡಬೇಕು. ಕಲ್ಲುಪ್ಪನ್ನು ತೊಳೆದು ಬಳಸುವ ಪದ್ಧತಿ ಕೆಲವು ಮನೆಗಳಲ್ಲಿದೆ. ಸಿಂಪಡಿಸಿದ ಅಯೊಡೇಟು ಹರಳಿನ ಮೇಲ್ಮೈಯಲ್ಲಿರುವುದರಿಂದ ತೊಳೆದರೆ ಅದು ನೀರಿನ ಪಾಲಾಗುವುದು. ಅಡುಗೆಯಲ್ಲಿ ಅಯೊಡೀನಿನ ಐದನೆಯ ಒಂದು ಪಾಲಿನಷ್ಟು ನಷ್ಟವಾಗುವುದೆಂದು ಅಂದಾಜು. ಆದುದರಿಂದ ಸಾಧ್ಯವಾದಲ್ಲಿ ಉಪ್ಪನ್ನು ಕೊನೆಗೆ ಹಾಕುವುದು ಲೇಸು.

ಅಯೊಡೀನಿಗಾಗಿ ಹೆಚ್ಚು ಉಪ್ಪು ತಿನ್ನಬೇಕೆಂದು ಯಾರೂ ಭಾವಿಸಬಾರದು. ರಕ್ತದ ಒತ್ತಡದ ದೃಷ್ಟಿಯಿಂದ ದಿನಕ್ಕೆ ಐದು ಗ್ರಾಮಿಗಿಂತ ಕಡಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನ ಬಳಕೆ ತಗ್ಗಿದರೆ ಅದಕ್ಕೆ ಬೆರಸುವ ಅಯೊಡೀನನ್ನು ಕಾರ್ಖಾನೆಯಲ್ಲಿಯೇ ಹೆಚ್ಚಿಸಬಹುದು. ಆದುದರಿಂದ ಈ ಎರಡು ಸಲಹೆಗಳಿಗೆ ವಿರೋಧವಿಲ್ಲ. ತಿನ್ನುವ ಉಪ್ಪು ಮಿತವಾಗಿರಲಿ. ತಿನ್ನುವಷ್ಟೂ ಅಯೊಡೀನ್ ಉಳ್ಳದ್ದಾಗಿರಲಿ. ಮೀನು, ಹಾಲು, ಮೊಟ್ಟೆಗಳಿಂದಲೂ ಸ್ವಲ್ಪ ಅಯೊಡೀನ್ ದೊರೆಯುವುದು. ಅತಿಯಾದ ಅಯೊಡೀನೂ ಒಳ್ಳೆಯದಲ್ಲ. ಥೈರಾಯ್ಡ್ ಕಾಯಿಲೆಯುಳ್ಳವರು, ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಅಯೊಡೀನ್ ಔಷಧಿಗಳನ್ನು ತೆಗೆದುಕೊಳ್ಳಬಾರದು.

ರೋಗವು ಕಣ್ಮರೆಯಾದಾಗ ಅದನ್ನು ತಡೆದ ಕಾರಣವೂ ಮರೆತುಹೋಗುವುದು ಮನುಷ್ಯಸ್ವಭಾವ. ಊದಿದ ಕುತ್ತಿಗೆಯನ್ನು ಇಂದಿನ ತರುಣರಲ್ಲಿ ಹಲವರು ನೋಡಿಯೇ ಇಲ್ಲ. ಆದರೆ ಬೆಟ್ಟಗಳ ಮಣ್ಣಿಗೆ ಅಯೊಡೀನ್ ಮರಳಿ ಬಂದಿಲ್ಲ. ಮಳೆ ಅದನ್ನು ತೊಳೆಯುವುದನ್ನು ನಿಲ್ಲಿಸಿಲ್ಲ. ಮಣ್ಣು ಕೊಡಲಾರದುದನ್ನು ಕಾರ್ಖಾನೆಯ ತುಂತುರು ಪ್ರತಿದಿನವೂ ತುಂಬಿಕೊಡುತ್ತಿದೆ. ಅದು ನಿಂತರೆ ಕೊರತೆಯು ಹಿಂತಿರುಗುವುದು; ಮೊದಲು ತಟ್ಟುವುದು ಇನ್ನೂ ಹುಟ್ಟದ ಮಕ್ಕಳಿಗೆ. ಆದುದರಿಂದ ಮನೆಯ ಉಪ್ಪಿನ ಪೊಟ್ಟಣದ ಮೇಲಣ ಬರೆಹವನ್ನು ಓದಿ ನೋಡುವುದು ವಿಜ್ಞಾನದ ವಿದ್ಯಾರ್ಥಿಗಳ ಕರ್ತವ್ಯ. ಓದಿದುದನ್ನು ತಾಯಿಗೂ, ಅಕ್ಕತಂಗಿಯರಿಗೂ, ನೆರೆಯವರಿಗೂ ತಿಳಿಯಹೇಳುವುದು ಅದಕ್ಕಿಂತ ಮಿಗಿಲಾದ ಕರ್ತವ್ಯ.